ಹಿಂದಿನ ಭಾಗಗಳನ್ನು ಆಡದೆ ‘ಫೈನಲ್ ಫ್ಯಾಂಟಸಿ 16’ ವಿಡಿಯೊ ಗೇಮ್ ಶುರುಮಾಡಬಹುದೇ? ಸಕಲೇಶಪುರದಲ್ಲಿದ್ದೇನೆ, ಪಿಸಿಯಲ್ಲಿ ಆಡುವುದು, ಕರೆಂಟ್ ಆಗಾಗ ಹೋಗುತ್ತದೆ.

ಧಾರಾಳವಾಗಿ. 1987ರಿಂದ ಬರುತ್ತಿರುವ ಸರಣಿಯಾದರೂ ಅಂಕಿಯಿರುವ ಪ್ರತಿ ಮುಖ್ಯ ಭಾಗಕ್ಕೂ ಬೇರೆಯೇ ಲೋಕ, ಬೇರೆಯೇ ಕಥೆ. ಚೋಕೊಬೊ ಹಕ್ಕಿ, ಬೆಂಕಿಯ ದೈತ್ಯ ಇಫ್ರಿಟ್‌ನಂಥ ಹೆಸರುಗಳಷ್ಟೇ ಮರಳಿ ಬರುತ್ತವೆ. ಕಥೆಯಲ್ಲಿ ಬರುವ ರಾಜ್ಯಗಳ ಜಗಳ ತಲೆಗೆ ಹೋಗದಿದ್ದರೆ ದೃಶ್ಯವನ್ನು ತಡೆದು ‘ಆಕ್ಟಿವ್ ಟೈಮ್ ಲೋರ್’ ತೆರೆಯಿರಿ. ಆ ಕ್ಷಣಕ್ಕೆ ಬೇಕಾದ ವಿವರ ಅಲ್ಲೇ ಇರುತ್ತದೆ.

ನಿಮಗೆ ನಿಜವಾದ ತಲೆನೋವು ಕರೆಂಟು. ಈ ಆಟಕ್ಕೆ ಎಸ್‌ಎಸ್‌ಡಿಯಲ್ಲಿ 170 ಜಿಬಿ ಜಾಗ ಬೇಕು. ಅಷ್ಟನ್ನೂ 40 ಎಂಬಿಪಿಎಸ್ ಲೈನಿನಲ್ಲಿ ಇಳಿಸಲು ಒಂಬತ್ತೂವರೆ ಗಂಟೆ. ನಡುವೆ ಕರೆಂಟ್ ಹೋದರೂ ಆಟಗಳನ್ನು ಕೊಂಡು ಇಳಿಸಿಕೊಳ್ಳುವ ಆ್ಯಪ್ ಸ್ಟೀಮ್, ಬಿಟ್ಟಲ್ಲಿಂದ ಮುಂದುವರಿಸುತ್ತದೆ, ಗಾಬರಿ ಬೇಡ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಇಲ್ಲದಿದ್ದರೆ ಬ್ಯಾಟರಿಗೆ ಬದಲಾಗುವ ಆ ಚೂರು ಹೊತ್ತಿಗೇ ಪಿಸಿ ರೀಸ್ಟಾರ್ಟ್ ಆಗುತ್ತದೆ. 600 ವಿಎಯ ಚಿಕ್ಕ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುವಾಗ ಲೋಡ್ ಅದನ್ನು ದಾಟಿದರೆ, ಬ್ಯಾಟರಿ ಚೆನ್ನಾಗಿದ್ದರೂ ಧಪ್ಪನೆ ಆಫ್. ಆಟದ ಫ್ರೇಮ್ ಮಿತಿಯನ್ನು, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು, 60ಕ್ಕೋ 30ಕ್ಕೋ ಇಳಿಸಿದರೆ ಲೋಡ್ ತಗ್ಗುತ್ತದೆ.

ಕಾದಾಟಕ್ಕೆ ಬೆರಳು ಓಡದವರು ಆಟದ ನಾಯಕನಿಗೆ ನೆರವಾಗುವ ‘ಟೈಮ್ಲಿ’ ಉಂಗುರಗಳನ್ನು ತೊಡಿಸಬಹುದು, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ತೊಡಿಸಲು ಇರುವ ಜಾಗ ಮೂರೇ. ಮೊದಲು ಏಟು ತಪ್ಪಿಸಿಕೊಡುವ ‘ಟೈಮ್ಲಿ ಇವೇಶನ್’ ಹಾಕಿ. ದೊಡ್ಡ ಶತ್ರುವಿನ ಜೀವಪಟ್ಟಿಯ ಜೊತೆಗಿರುವ ಇನ್ನೊಂದು ಪಟ್ಟಿ ಖಾಲಿಯಾದಾಗ ಅವನು ತತ್ತರಿಸಿ ನಿಲ್ಲುತ್ತಾನೆ. ಭಾರಿ ಏಟುಗಳನ್ನು ಆ ಹೊತ್ತಿಗೇ ಉಳಿಸಿಕೊಳ್ಳಿ.

ಮೊದಲು ಉಚಿತ ಡೆಮೊ ಆಡಿ ನೋಡಿ. ಅದರ ಸೇವ್ ಪೂರ್ಣ ಆಟಕ್ಕೂ ಒಯ್ಯಬಹುದು.