ಅಂಗಡಿ ಮುಂದೆ ಸಹಿ ಹಾಕಿದರೆ ಸಂವಿಧಾನ ತಿದ್ದಬಹುದಾ?

ಪ್ರಶ್ನೆ: ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೇನೆ. ದಿನಸಿ ಅಂಗಡಿ ಮುಂದೆ ಒಬ್ಬ ಹುಡುಗ ಕ್ಲಿಪ್‌ಬೋರ್ಡ್ ಹಿಡಿದು, ‘ರಾಜ್ಯದ ಸಂವಿಧಾನ ತಿದ್ದಬೇಕು, ಸಹಿ ಹಾಕಿ’ ಅಂದ. ರಾಜ್ಯಕ್ಕೂ ಸಂವಿಧಾನ ಇರುತ್ತಾ? ಬೀದಿಯಲ್ಲಿ ಸಹಿ ಹಾಕಿದರೆ ತಿದ್ದುಪಡಿ ಆಗಿಬಿಡುತ್ತಾ?
— ಹಾಸನದ ಓದುಗರೊಬ್ಬರು

ಉತ್ತರ: ನೀವು ಸಹಿ ಹಾಕಿಲ್ಲ ತಾನೆ? ಅಲ್ಲಿ ನೋಂದಾಯಿತ ಮತದಾರರ ಸಹಿ ಮಾತ್ರ ಲೆಕ್ಕಕ್ಕೆ. ಗ್ರೀನ್ ಕಾರ್ಡ್ ಇದ್ದರೂ ನಡೆಯೋದಿಲ್ಲ. ಆ ಹುಡುಗನಿಗೆ ಬಹುಶಃ ಸಹಿಗೆ ಇಷ್ಟು ಅಂತ ದುಡ್ಡು. ಅದಕ್ಕೇ ಸಿಕ್ಕವರನ್ನೆಲ್ಲ ನಿಲ್ಲಿಸುತ್ತಾರೆ.

ಅಮೆರಿಕದ 50 ರಾಜ್ಯಗಳಿಗೂ ಸ್ವಂತ ಸಂವಿಧಾನ ಇದೆ. ಕ್ಯಾಲಿಫೋರ್ನಿಯಾದ್ದು 1879ರದು. ಜನರೇ ಸಹಿ ಕೂಡಿಸಿ ಅದನ್ನು ತಿದ್ದುವ ದಾರಿ ಬಂದದ್ದು 1911ರಲ್ಲಿ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 8ರಷ್ಟು ಸಹಿ ಬೇಕು. 2022ರ ಚುನಾವಣೆಯ ಲೆಕ್ಕ ಹಿಡಿದರೆ 8,74,641. ಅದೂ 180 ದಿನದೊಳಗೆ. ಇಷ್ಟಾದರೂ ತಿದ್ದುಪಡಿ ಆಯ್ತು ಅಂತಲ್ಲ, ಚುನಾವಣೆಯ ಮತಪತ್ರದಲ್ಲಿ ‘ಬೇಕೋ ಬೇಡವೋ’ ಅನ್ನೋ ಪ್ರಶ್ನೆಯಾಗಿ ಜಾಗ ಸಿಕ್ಕಿತು ಅಷ್ಟೆ. ಅಲ್ಲಿ ಅರ್ಧಕ್ಕಿಂತ ಒಂದು ಮತ ಜಾಸ್ತಿ ಬಿದ್ದರೆ ಸಾಕು. ಸಂವಿಧಾನದ ಕೆಲಸಕ್ಕೆ ಇದು ತೀರಾ ಸಲೀಸು ಅಂತ ನನಗನ್ನಿಸುತ್ತೆ. ಶಾಸಕರಿಗಾದರೋ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು, ಆಮೇಲೆ ಜನರ ಮತವೂ ಬೇಕು.

ಆದರೆ ಸಹಿಯ ದಾರಿಯಲ್ಲಿ ತಿದ್ದಬಹುದೇ ಹೊರತು ಬುಡಸಮೇತ ಬದಲಿಸುವಂತಿಲ್ಲ. ಅಂಥ ಪರಿಷ್ಕರಣೆ ಶಾಸಕರಿಂದಲೋ ಸಂವಿಧಾನ ಸಭೆಯಿಂದಲೋ ಹೊರಡಬೇಕು. ಯಾವುದು ತಿದ್ದುಪಡಿ, ಯಾವುದು ಪರಿಷ್ಕರಣೆ? ಅದನ್ನು ಹೇಳೋದು ರಾಜ್ಯದ ಕೋರ್ಟ್. 1948ರಲ್ಲಿ 21 ಸಾವಿರಕ್ಕೂ ಹೆಚ್ಚು ಪದಗಳ ಪ್ರಸ್ತಾವ ಬಂದಿತ್ತು. ಪಿಂಚಣಿ, ಜೂಜು, ಗಣಿ, ಕೊನೆಗೆ ಮಾರ್ಗರಿನ್ (ಬೆಣ್ಣೆಗೆ ಬದಲಿ) ತೆರಿಗೆಯೂ ಅದರಲ್ಲೇ! ಇದು ತಿದ್ದುಪಡಿಯೇ ಅಲ್ಲ ಅಂತ ಕೋರ್ಟ್ ಮತಪತ್ರಕ್ಕೇ ಬಿಡಲಿಲ್ಲ. 2008ರಲ್ಲಿ ಸಲಿಂಗ ಮದುವೆ ತಡೆಯಲು ಸೇರಿಸಿದ್ದು ಇಂಗ್ಲಿಷಿನ ಬರೀ 14 ಪದ. ಅದು ತಿದ್ದುಪಡಿಯೇ ಅಂತ 2009ರಲ್ಲಿ ಕೋರ್ಟ್ ಒಪ್ಪಿತು. ಒಂದು ಗುಂಪಿನ ಹಕ್ಕು ಕಿತ್ತುಕೊಳ್ಳೋದು ಸಣ್ಣ ಬದಲಾವಣೆ ಹೇಗಾಗುತ್ತೋ, ನನಗಂತೂ ಇನ್ನೂ ಗಂಟಲಲ್ಲಿ ಇಳಿದಿಲ್ಲ. ಫೆಡರಲ್ (ಕೇಂದ್ರದ) ಕೋರ್ಟಿನಿಂದಾಗಿ ಅದಕ್ಕೆ ಬೆಲೆ ಹೋದ ಮೇಲೂ ಆ ಸಾಲು ಹಾಗೇ ಉಳಿದಿತ್ತು. 2024ರಲ್ಲಿ ಶಾಸಕರು ಮುಂದಿಟ್ಟು, ಜನ ಮತ ಹಾಕಿ ತೆಗೆದರು.

ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ 1973ರ ಕೇಸು ಗೊತ್ತಲ್ವಾ? ಅದರ ಪ್ರಕಾರ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಮುಟ್ಟುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮುಟ್ಟಬಹುದು, ದಾರಿ ಬೇರೆ.

ಮಗಳು ಮತದಾರಳಾಗಿದ್ದರೆ ಚುನಾವಣೆಗೆ ಮುಂಚೆ ಮನೆಗೆ ಮತದಾರರ ಕೈಪಿಡಿ ಬರುತ್ತೆ. ಮೊದಲ ಪುಟಗಳ ಪರ-ವಿರೋಧದ ಜಗಳ ಆಮೇಲೆ ಓದಿಕೊಳ್ಳಲಿ. ಮೊದಲು ಕೊನೆಯ ಪುಟಗಳಲ್ಲಿರುವ ಪ್ರಸ್ತಾವದ ಪೂರ್ತಿ ಪಠ್ಯಕ್ಕೆ ಹೋಗಲು ಹೇಳಿ. ಕಿತ್ತುಹಾಕುವ ಪದಗಳ ಮೇಲೆ ಅಡ್ಡಗೆರೆ ಎಳೆದಿರುತ್ತೆ, ಹೊಸದಾಗಿ ಸೇರಿಸುವುದು ಓರೆ ಅಕ್ಷರದಲ್ಲಿರುತ್ತೆ.