ಸದ್ಯ ನನ್ನ ದಿಂಬಿನ ಪಕ್ಕದಲ್ಲಿರುವ ಪುಸ್ತಕಗಳು

‘ಚಿಕ್ಕಂದಿನಿಂದಲೂ ಓದಿನ ಹುಚ್ಚಿರುವವರೇ, ಈಗ ಏನು ಓದುತ್ತಿದ್ದೀರಿ?’ ಎಂದು ಒಬ್ಬರು ಕೇಳಿದ್ದರು. ನನ್ನ ಬಳಿ ಮೂರು ಪುಸ್ತಕಗಳಿವೆ.

ದೊಡ್ಡದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಇದು ಮೂರನೇ ಸಲ. ಕಾಲೇಜಿನಲ್ಲಿದ್ದಾಗ ಮುಂದೇನಾಯಿತು ಎಂಬ ಅವಸರಕ್ಕೆ ಎಷ್ಟೋ ಪುಟ ಹಾರಿಸಿದ್ದೆ. ಈಗ ದಿನಕ್ಕೆ ಹತ್ತೇ ಪುಟ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿ ತುಳಿಯುವಾಗ ನಾನೂ ಅವರ ಹಿಂದೆಯೇ ನಡೆಯುತ್ತೇನೆ. ಪಾತ್ರಗಳು ವಿಪರೀತ. ಯಾರು ಯಾವ ಮನೆಯವರು ಎಂಬುದೇ ಮರೆತುಹೋಗುತ್ತದೆ. ಅದಕ್ಕೇ ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಿಂದ ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಎಂದು ಬರೆದುಕೊಂಡು, ಜನ ಬಂದ ಹಾಗೆ ಅವರವರ ಮನೆಯ ಕೆಳಗೆ ಸೇರಿಸುತ್ತಿದ್ದೇನೆ. ಮೊದಲ ಸಲ ಓದುವವರು ದಯವಿಟ್ಟು ಹೀಗೆ ಮಾಡಿ, ಅರ್ಧಕ್ಕೆ ಬಿಡುವುದು ತಪ್ಪುತ್ತದೆ.

ಎರಡನೆಯದು ಬಾನು ಮುಷ್ತಾಕ್ ಅವರ ಕತೆಗಳು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 12 ಕತೆಗಳ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆಗ ಮೂಲ ಕನ್ನಡವನ್ನೇ ಹುಡುಕಿ ತಂದೆ. ರಾತ್ರಿಗೆ ಒಂದೇ ಕತೆ. ಮನೆಯೊಳಗೆ ಹೆಣ್ಣುಮಕ್ಕಳು ನುಂಗಿಕೊಂಡ ಮಾತು ಓದಿದ ಮೇಲೆ ತಕ್ಷಣ ಇನ್ನೊಂದಕ್ಕೆ ಕೈಹಾಕಲು ಮನಸ್ಸಾಗುವುದಿಲ್ಲ.

ಮೂರನೆಯದು ತೇಜಸ್ವಿಯವರ ‘ಕರ್ವಾಲೊ’, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವವರ ಕಾದಂಬರಿ. ಮಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆ. ಹಾರುವ ಓತಿ ನಿಜವಾಗಿಯೂ ಇದೆಯಾ ಅಪ್ಪಾ ಎಂದು ನಿನ್ನೆ ಕೇಳಿದಳು. ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ ಎಂದೆ. ಇನ್ನೆರಡು ಪುಟ ಓದಿಸಿಕೊಂಡೇ ಮಲಗಿದಳು.