ಮಾವ ಹೇಳಿಕೊಟ್ಟ ಉತ್ತರ ಬೇಡ, ತಂಗೀ

ಪ್ರಶ್ನೆ: ನನಗೆ 29 ವರ್ಷ, ಊರು ಶಿರಸಿ ಹತ್ತಿರ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 6 ವರ್ಷ ಟೆಸ್ಟಿಂಗ್ ಮಾಡುತ್ತಿದ್ದೆ. ಕಳೆದ ಅಕ್ಟೋಬರ್‌ನಲ್ಲಿ ಪ್ರಾಜೆಕ್ಟ್ ನಿಂತಿತು. ಟೀಮಿನ 20 ಜನರಲ್ಲಿ 14 ಜನರನ್ನು ತೆಗೆದರು, ನಾನೂ ಒಬ್ಬಳು. ಊರಲ್ಲಿ ಎಲ್ಲರಿಗೂ ‘ವರ್ಕ್ ಫ್ರಂ ಹೋಮ್’ ಅಂತ ಹೇಳಿದ್ದೇವೆ. ಹೋದ ತಿಂಗಳು ಸಂದರ್ಶನದಲ್ಲಿ ಕೆಲಸ ಯಾಕೆ ಬಿಟ್ಟಿರಿ ಅಂದರು. ಅಪ್ಪಯ್ಯನಿಗೆ ಹುಷಾರಿರಲಿಲ್ಲ ಅಂದುಬಿಟ್ಟೆ. ಆಮೇಲೆ ಮಾತೇ ಹೊರಡಲಿಲ್ಲ. ಬರುವ ಬುಧವಾರ ಹುಬ್ಬಳ್ಳಿಯಲ್ಲಿ ಇನ್ನೊಂದು ಸಂದರ್ಶನ. ‘ನಾನೇ ರಾಜೀನಾಮೆ ಕೊಟ್ಟೆ ಅಂತ ಹೇಳು’ ಅನ್ನುತ್ತಾರೆ ಮಾವ. ಏನು ಮಾಡಲಿ?

ಉತ್ತರ: ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ಮಾವ ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಆ ಮಾತು ಕೇಳಬೇಡಿ.

ಕುಮಟಾದ ಒಂದು ಸಂಸ್ಥೆಯಲ್ಲಿ ಬಹಳ ವರ್ಷ ನಾನು ಸಂದರ್ಶನದ ಮೇಜಿನ ಆ ಕಡೆ ಕೂತವಳು. ಒಬ್ಬ ಚುರುಕಾದ ಹುಡುಗ ‘ನಾನೇ ಬಿಟ್ಟೆ’ ಅಂದ. ಆಮೇಲೆ ಹಳೇ ಆಫೀಸಿನ ಪತ್ರ ನೋಡಿದರೆ ಬೇರೆಯೇ ಇತ್ತು. ಅವನನ್ನು ತೆಗೆದುಕೊಳ್ಳಲಿಲ್ಲ. ಕೆಲಸ ಹೋಗಿತ್ತು ಅನ್ನುವ ಕಾರಣಕ್ಕಲ್ಲ. ನಿಜ ಹೇಳಿದ್ದರೆ ಖಂಡಿತ ತೆಗೆದುಕೊಳ್ಳುತ್ತಿದ್ದೆವು. ಇವತ್ತಿಗೂ ನನಗೆ ಆ ಬೇಜಾರು ಇದೆ.

ಈಗಂತೂ ಮುಚ್ಚಿಡುವುದು ಇನ್ನೂ ಕಷ್ಟ. ಎಷ್ಟು ಕಂಪನಿ ಬದಲಿಸಿದರೂ ಪಿಎಫ್‌ಗೆ ಯುಎಎನ್ ಅನ್ನುವ ಒಂದೇ ಖಾತೆ ನಂಬರ್. ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಅನ್ನುವುದೆಲ್ಲ ಅಲ್ಲೇ ಇರುತ್ತದೆ. ಹಳೇ ಎಚ್‌ಆರ್‌ಗೆ ಫೋನ್ ಮಾಡಿ ವಿಚಾರಿಸುವವರೂ ಇದ್ದಾರೆ. ಇನ್ನು, ಕೆಲಸದಿಂದ ತೆಗೆಯುವುದು ಕೇಳರಿಯದ ಸಂಗತಿಯೂ ಅಲ್ಲ. 2023ರ ಜನವರಿ ಒಂದರಲ್ಲೇ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಜನರನ್ನು ತೆಗೆಯುವುದಾಗಿ ಹೇಳಿದ್ದವು. ಹುಬ್ಬಳ್ಳಿಯಲ್ಲಿ ನಿಮ್ಮೆದುರು ಕೂರುವವರಿಗೆ ಇದೆಲ್ಲ ಗೊತ್ತಿರುತ್ತದೆ.

ಅವರು ಕೇಳಿದಾಗ ಇಷ್ಟು ಹೇಳಿ: ‘ಪ್ರಾಜೆಕ್ಟ್ ನಿಂತಿತು. 20 ಜನರಲ್ಲಿ 14 ಜನರನ್ನು ತೆಗೆದರು, ನಾನೂ ಅದರಲ್ಲಿದ್ದೆ.’ ಅಲ್ಲಿಗೆ ನಿಲ್ಲಿಸಿ, 6 ವರ್ಷ ಏನು ಕೆಲಸ ಮಾಡಿದಿರಿ ಅನ್ನುವುದಕ್ಕೆ ಬನ್ನಿ. ಹಳೇ ಕಂಪನಿಯನ್ನು ಬೈಯಬೇಡಿ, ಸಿಟ್ಟು ಎಷ್ಟೇ ಇರಲಿ.

ಆದರೆ ನಿಮಗೆ ನಿಜವಾಗಿ ಚುಚ್ಚುತ್ತಿರುವುದು ಉಳಿದ ಆ 6 ಜನ, ಅಲ್ವಾ? ‘ಅವರನ್ನು ಇಟ್ಟುಕೊಂಡು ನಿಮ್ಮನ್ನೇ ಯಾಕೆ ಬಿಟ್ಟರು’ ಅಂತ ಕೇಳಿಯಾರು. ಮನೆಯಲ್ಲೇ ಕೂತು ಇದಕ್ಕೆ ಪ್ರಾಮಾಣಿಕ ಉತ್ತರ ಹುಡುಕಿ. ಅವರಿಗೆ ಆಟೊಮೇಷನ್, ಅಂದರೆ ಪ್ರೋಗ್ರಾಂ ಬರೆದು ಟೆಸ್ಟಿಂಗ್ ಮಾಡುವುದು, ಬರುತ್ತಿತ್ತಾ, ನಿಮಗೆ ಬರುತ್ತಿರಲಿಲ್ವಾ? ಹಾಗಿದ್ದರೆ ಹಾಗೆಯೇ ಹೇಳಿ. ಈ ಎಂಟು ತಿಂಗಳಲ್ಲಿ ಅದಕ್ಕೆ ಬಳಸುವ ಸೆಲೆನಿಯಂ ಟೂಲ್ ಕಲಿಯಲು ಶುರು ಮಾಡಿದ್ದರೆ ಅದನ್ನೂ ಹೇಳಿ. ಮಾಡಿಲ್ಲ ಅಂದರೆ ಇವತ್ತೇ ಶುರು ಮಾಡಿ, ‘ಈಗಷ್ಟೇ ಶುರು ಮಾಡಿದ್ದೇನೆ’ ಅನ್ನಿ. ಕಾರಣವೇ ಗೊತ್ತಿಲ್ಲದಿದ್ದರೆ ‘ನನಗೆ ಹೇಳಲಿಲ್ಲ, ಕೇಳಿದ್ದೆ’ ಅನ್ನಿ. ಅದೂ ಉತ್ತರವೇ.

ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಊರಲ್ಲಿದ್ದವರು ನೀವು. ಆಳುಗಳ ಲೆಕ್ಕ, ಅಡಿಕೆ ಸುಲಿಯುವ ಕೆಲಸ ಅಂತ ಮನೆಯವರ ಜೊತೆ ಕೈಜೋಡಿಸಿದ್ದರೆ ಆ ತಿಂಗಳುಗಳ ಬಗ್ಗೆ ಅದನ್ನೇ ಹೇಳಬಹುದು. ಸುಮ್ನೆ ಅದಕ್ಕೆ ‘ಫ್ರೀಲಾನ್ಸ್’ ಅಂತ ಹೆಸರಿಡಬೇಡಿ.

ಹೋದ ತಿಂಗಳು ಮಾತು ನಿಂತಿದ್ದು ಧೈರ್ಯ ಇಲ್ಲದೆ ಅಂತ ನನಗೆ ಅನ್ನಿಸುವುದಿಲ್ಲ. ಎಂಟು ತಿಂಗಳಿಂದ ಹಾಲಿನ ಡೈರಿಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಸುಳ್ಳನ್ನೇ ಹೇಳಿ ನಾಲಿಗೆಗೆ ಅದೇ ರೂಢಿಯಾಗಿದೆ. ‘ನನ್ನ ಕೆಲಸ ಹೋಯಿತು’ ಅನ್ನುವ ಮಾತನ್ನು ನೀವು ಇನ್ನೂ ಹೊರಗಿನ ಒಬ್ಬರಿಗೂ ಹೇಳಿಲ್ಲ. ಅದನ್ನು ಮೊದಲ ಸಲ ಹುಬ್ಬಳ್ಳಿಯಲ್ಲಿ ಅಪರಿಚಿತರ ಮುಂದೆ ಹೇಳಲು ಹೋಗಬೇಡಿ. ಬುಧವಾರದ ಒಳಗೆ ಊರಲ್ಲಿ ಒಬ್ಬರಿಗೆ ಹೇಳಿ. ಪಕ್ಕದ ಮನೆಯವರೋ ಶಾಲೆಯ ಗೆಳತಿಯೋ, ಯಾರಾದರೂ ಸರಿ. ಗಂಟಲು ಕಟ್ಟೀತು, ಅಳು ಬಂದೀತು. ಅಲ್ಲೇ ಬರಲಿ ಬಿಡಿ.

ಹೀಗೆ ಹೊರಗೆ ಹೇಳುತ್ತೇನೆ ಅಂತ ಆಯಿಗೆ, ಅಪ್ಪಯ್ಯನಿಗೆ ಮೊದಲೇ ತಿಳಿಸಿ, ಅವರೂ ಇಷ್ಟು ದಿನ ಆ ಮಾತು ಕಾಪಾಡಿಕೊಂಡು ಬಂದವರು. ಬುಧವಾರ ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಸಂಬಳದ ಸ್ಲಿಪ್ ಒಯ್ಯಿರಿ. ಮಳೆ ಶುರುವಾಗಿದೆ, ಒಂದು ಬಸ್ ಮುಂಚೆಯೇ ಹೊರಡಿ. ಹೇಗಾಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.